ಹಳೆಯ ಹಾಡಿನ ತುಣುಕಿನಿಂದ ಹೊಸ ಹಿಪ್ ಹಾಪ್

ಹಿಪ್ ಹಾಪ್ ಹಾಡು ಕೇಳುವಾಗ ಹಿನ್ನೆಲೆಯಲ್ಲಿ ಎಲ್ಲೋ ಕೇಳಿದಂಥ ಸ್ಯಾಕ್ಸೊಫೋನ್ ನುಡಿಯೊಂದು ಮತ್ತೆ ಮತ್ತೆ ಸುತ್ತಿ ಬರುತ್ತದಲ್ಲ, ಬಹಳ ಸಲ ಅದು ಹೊಸದಾಗಿ ನುಡಿಸಿದ್ದಲ್ಲ. ಹಳೆಯ ಧ್ವನಿಮುದ್ರಣದಿಂದ ಕತ್ತರಿಸಿಕೊಂಡ ತುಣುಕು. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಇಂಥ ತುಣುಕುಗಳಿಂದ ಬೀಟ್, ಅಂದರೆ ರ‍್ಯಾಪ್‌ನ ಹಿನ್ನೆಲೆ ಸಂಗೀತ, ಕಟ್ಟುವವರು ಪ್ರೊಡ್ಯೂಸರ್. ಸಿನಿಮಾದ ನಿರ್ಮಾಪಕರಂತೆ ಇವರು ಹಣ ಹೂಡುವವರಲ್ಲ.

ಒಂದು ಹಾಡನ್ನೇ ಹಿಡಿದು ನೋಡೋಣ. ನ್ಯೂಯಾರ್ಕ್ ಪಕ್ಕದ ಮೌಂಟ್ ವರ್ನನ್‌ನ ಪ್ರೊಡ್ಯೂಸರ್ ಪೀಟ್ ರಾಕ್ ಮತ್ತು ರ‍್ಯಾಪರ್ ಸಿ.ಎಲ್. ಸ್ಮೂತ್ 1992ರಲ್ಲಿ ‘ದೆ ರೆಮಿನಿಸ್ ಓವರ್ ಯು’ ಹೊರತಂದರು. 1990ರಲ್ಲಿ ತೀರಿಕೊಂಡ ಗೆಳೆಯ ಟ್ರಾಯ್ ಡಿಕ್ಸನ್ ನೆನಪಿನ ಹಾಡದು. ಅದರ ಸ್ಯಾಕ್ಸೊಫೋನ್ ಬಂದದ್ದು ವಾದಕ ಟಾಮ್ ಸ್ಕಾಟ್ 1967ರಲ್ಲಿ ಹೊರತಂದ ‘ಟುಡೇ’ಯಿಂದ. ಎರಡನ್ನೂ ಒಂದರ ಹಿಂದೊಂದು ಕೇಳಿ. ಅಲ್ಲಿ ಸುಮ್ಮನೆ ಬಂದು ಹೋಗುವ ನುಡಿ ಇಲ್ಲಿ ಇಡೀ ಹಾಡಿನ ದುಃಖವನ್ನು ಹೊತ್ತಿದೆ.

ಹಾಗಾಗಿ ಮೊದಲ ಕೆಲಸ ಕಿವಿಯದು. ಗಾಯನವಿಲ್ಲದ, ಒಂದೆರಡು ವಾದ್ಯ ಮಾತ್ರ ನುಡಿಯುವ ಜಾಗ ಹುಡುಕಿ. ಆರಂಭ, ಕೊನೆ, ಚರಣಗಳ ನಡುವಿನ ಬಿಡುವು – ಇಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬರೀ ಡ್ರಮ್ ನುಡಿಯುವ ಜಾಗ ಸಿಕ್ಕರೆ ಅದಕ್ಕೆ ಬ್ರೇಕ್ ಎನ್ನುತ್ತಾರೆ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ರೆಕಾರ್ಡ್ ತಟ್ಟೆಗಳನ್ನು ಇಟ್ಟುಕೊಂಡು ಹಿಗ್ಗಿಸಲು ಹೊರಟದ್ದು ಈ ಬ್ರೇಕನ್ನೇ.

ಆಮೇಲೆ ಕತ್ತರಿಸುವುದು. ವೇಗವನ್ನು ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಅಳೆಯುತ್ತಾರೆ. 90 ಬಿಪಿಎಂನಲ್ಲಿ ನಾಲ್ಕು ಪೆಟ್ಟಿನ ನಾಲ್ಕು ಆವರ್ತ ಸುಮಾರು 10.7 ಸೆಕೆಂಡು. ಅಷ್ಟನ್ನು ಕತ್ತರಿಸಿ ಕೊನೆಯನ್ನು ಮೊದಲಿಗೆ ಸೇರಿಸಿದರೆ ಲೂಪ್. ಕತ್ತರಿ ತುಸು ಆಚೀಚೆಯಾದರೂ ಸುತ್ತಿಗೊಮ್ಮೆ ತಾಳ ಎಡವುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ಲೂಪನ್ನು ಚೂರುಗಳಾಗಿ ಕೊಯ್ದು, ಒಂದೊಂದನ್ನು ಸ್ಯಾಂಪಲ್ ನುಡಿಸುವ ಯಂತ್ರದ ಒಂದೊಂದು ಗುಂಡಿಗೆ ಕಟ್ಟಿ, ಬೇರೆ ಕ್ರಮದಲ್ಲಿ ನುಡಿಸಿ ನೋಡಿ. ಇದಕ್ಕೆ ಚಾಪಿಂಗ್ ಎಂದು ಹೆಸರು. ನನ್ನ ಮಟ್ಟಿಗೆ ಪ್ರೊಡ್ಯೂಸರ್‌ನ ಕೈಚಳಕ ಕಾಣುವುದೇ ಇಲ್ಲಿ.

ಪೀಟ್ ರಾಕ್ ಬಳಸುತ್ತಿದ್ದ ಎಸ್‌ಪಿ-1200 ಎಂಬ ಇಂಥ ಯಂತ್ರದಲ್ಲಿ ಎಲ್ಲ ತುಣುಕು ಸೇರಿ ಹತ್ತು ಸೆಕೆಂಡಿನಷ್ಟೇ ಹಿಡಿಸುತ್ತಿತ್ತು. ಅದಕ್ಕೊಂದು ಉಪಾಯವಿತ್ತು: ನಿಮಿಷಕ್ಕೆ 33 ಸುತ್ತಿನ ವೇಗದ ತಟ್ಟೆಯನ್ನು 45ರಲ್ಲಿ ಓಡಿಸಿ ಮುದ್ರಿಸಿಕೊಳ್ಳುವುದು, ಆಮೇಲೆ ಯಂತ್ರದೊಳಗೆ ನಿಧಾನ ಮಾಡುವುದು. ಜಾಗ ಉಳಿಯಿತು. ಜೊತೆಗೆ ದನಿ ಸ್ವಲ್ಪ ಒರಟಾಯಿತು, ಆ ಒರಟುತನವನ್ನೇ ಜನ ಮೆಚ್ಚಿದರು.

ಇನ್ನು ಕಿಕ್, ಸ್ನೇರ್ (ಡ್ರಮ್‌ನ ದಪ್ಪ ಗುದ್ದು, ಚುರುಕು ಪೆಟ್ಟು) ಸೇರಿಸಿ. ಸ್ಯಾಂಪಲ್‌ನ ತಗ್ಗಿನ ದನಿಯನ್ನು ಫಿಲ್ಟರ್‌ನಿಂದ ಇಳಿಸಿ ಅಲ್ಲಿ ನಿಮ್ಮದೇ ಬೇಸ್ ಕೂರಿಸಿ. ರ‍್ಯಾಪರ್‌ನ ದನಿಗೆ ಜಾಗ ಬಿಡಿ.

ಖರ್ಚು? ಕಲಿಯಲು ಹೆಚ್ಚೇನಿಲ್ಲ. ದನಿ ಕತ್ತರಿಸುವ ಆಡಾಸಿಟಿ ತಂತ್ರಾಂಶ ಉಚಿತ, ಬ್ಯಾಂಡ್‌ಲ್ಯಾಬ್ ಆ್ಯಪ್ ಫೋನಿನಲ್ಲೇ ಉಚಿತವಾಗಿ ಓಡುತ್ತದೆ. ಹಣವಿದ್ದರೆ ಮೊದಲು ಒಳ್ಳೆಯ ಹೆಡ್‌ಫೋನ್ ಕೊಳ್ಳಿ, ಯಂತ್ರ ಆಮೇಲೆ.

ದೊಡ್ಡ ಖರ್ಚು ಅನುಮತಿಯದು. ‘ಎರಡೇ ಸೆಕೆಂಡು ತಾನೆ?’ ಎಂದು ಕೇಳಬಹುದು. ಇಷ್ಟು ಸೆಕೆಂಡು ಪುಕ್ಕಟೆ ಎಂಬ ನಿಯಮ ನಮ್ಮ ಕಾನೂನಿನಲ್ಲಿಲ್ಲ. ಹಕ್ಕುಗಳೂ ಎರಡು. ‘ಟುಡೇ’ಯ ಆ ಮುದ್ರಣದಲ್ಲಿ ನುಡಿಸಿದವರು ಟಾಮ್ ಸ್ಕಾಟ್, ಹಾಡು ರಚಿಸಿದವರು ಜೆಫರ್ಸನ್ ಏರ್‌ಪ್ಲೇನ್ ತಂಡದವರು. ಮುದ್ರಣಕ್ಕೂ ರಚನೆಗೂ ಬೇರೆ ಬೇರೆ ಒಪ್ಪಿಗೆ ಬೇಕು. 2002ರ ಅಮೆರಿಕದ ‘ಅಡಿಕ್ಟಿವ್’ ಹಾಡು ಬಪ್ಪಿ ಲಹಿರಿ ಸಂಗೀತದ, ಲತಾ ಮಂಗೇಶ್ಕರ್ ಹಾಡಿದ ಹಿಂದಿ ಗೀತೆಯನ್ನು ಕೇಳದೆ ಬಳಸಿತ್ತು. ಬಪ್ಪಿ ಹೆಸರು ಹಾಕದೆ ಮಾರಕೂಡದು ಎಂದು ಅಲ್ಲಿನ ನ್ಯಾಯಾಲಯ ಹೇಳಿತು.

ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅದು ಮುಗಿದರೂ ರಚನೆಯ ಹಕ್ಕು ಉಳಿದಿರಬಹುದು. ರಚನೆಕಾರರು ತೀರಿಕೊಂಡ ಮೇಲೂ 60 ವರ್ಷ ಅದು ನಡೆಯುತ್ತದೆ. ಆದ್ದರಿಂದ ಹೊಸಬರಾದರೆ ಫ್ರೀಸೌಂಡ್ ತಾಣದಲ್ಲಿ ಸಿಸಿ0 ಗುರುತಿನ, ಅಂದರೆ ಹಕ್ಕು ಬಿಟ್ಟುಕೊಟ್ಟ, ದನಿಗಳಿಂದ ಶುರುಮಾಡಿ. ಅಥವಾ ಊರಿನ ತಮಟೆಯವರನ್ನು ಕೇಳಿ, ಸಂಭಾವನೆ ಕೊಟ್ಟು, ನೀವೇ ಮುದ್ರಿಸಿಕೊಳ್ಳಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನುಡಿಸಿದವರ ಹೆಸರು ಹಾಡಿನ ವಿವರದಲ್ಲಿ ತಪ್ಪದೆ ಬರಲಿ.