ಗುಡ್ಡದ ಜಾಡಿಗೆ ದಪ್ಪ ಟೈರಿನ ಸೈಕಲ್

ನೇಮಕಲ್ಲಿನ ಆಂಜನೇಯ, ಮುರುಡಿಯ ಆಂಜನೇಯ, ಕಸಾಪುರದ ನೆಟ್ಟಿಕಂಟಿ ಆಂಜನೇಯ. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ನಂಬಿಕೆಯಿರುವ ಈ ಮೂವರನ್ನೂ ಶ್ರಾವಣದಲ್ಲಿ ಒಂದೇ ದಿನ ಕಂಡು ಬರುವುದು ನಮ್ಮ ರಾಯದುರ್ಗದ ಕಡೆಯ ರೂಢಿ. ಈಗ ಜೀಪು, ಆಟೊ ಇವೆ. ನಮ್ಮಪ್ಪ ಮುರುಡಿಯವರೆಗೂ ಸೈಕಲ್ ತುಳಿಯುತ್ತಿದ್ದ. ಬಂಡಿ ಜಾಡಿನಲ್ಲಿ ಮಳೆ ಹಿಡಿದರೆ ಎರೆಮಣ್ಣು ಮಡ್‌ಗಾರ್ಡಿಗೆ ಕಚ್ಚಿ ಗಾಲಿ ತಿರುಗುತ್ತಿರಲಿಲ್ಲ, ಆಗ ಸೈಕಲ್ಲೇ ಅವನ ಹೆಗಲೇರುತ್ತಿತ್ತು. ಹೀಗಾಗಿ ಬೆಂಗಳೂರಿನಲ್ಲಿರುವ ತಮ್ಮನ ಮಗ, “ದೊಡ್ಡಪ್ಪ, ಐತಾರ ನಮ್ಮ ಕ್ಲಬ್ಬಿನವರು ಕಾಡಿನ ದಾರಿಗೆ ಸೈಕಲ್ ಒಯ್ತೀವಿ, ನೀವೂ ಬರ್ರಿ” ಎಂದಾಗ, ಇದರಲ್ಲಿ ನೋಡುವುದೇನಿದೆ ಅನ್ನಿಸಿತ್ತು. ಹೋಗಿ ನೋಡಿದ ಮೇಲೆ, ಇದು ಕೂತು ಕಲಿಯಬೇಕಾದ ಕಸುಬು ಎಂದು ತಿಳಿಯಿತು.

ನಾವು ಹೋಗಿದ್ದು ಬೆಂಗಳೂರಿನ ತುರಹಳ್ಳಿ ಕಾಡಿಗೆ. ಕನಕಪುರ ರಸ್ತೆಯ ಮಗ್ಗುಲಿಗಿರುವ ಈ ಜಾಗದಲ್ಲಿ ಕುರುಚಲು, ನೀಲಗಿರಿ ಮರ, ನಡುನಡುವೆ ಆನೆಯಂಥ ಬಂಡೆಗಳು. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಮಾತು ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ಸುತ್ತಲಿನ ಜನ ಬೀದಿಗಿಳಿದಿದ್ದರು. ನಾವು ಸೇರಿದಾಗ ಬೆಳಕು ಹರಿದಿತ್ತು. ಹನ್ನೆರಡು ಸೈಕಲ್ಲುಗಳು. ಹೊರಡುವ ಮೊದಲು ಪ್ರತಿಯೊಬ್ಬರೂ ಬ್ರೇಕ್ ಒತ್ತಿ, ಗಾಲಿಯ ಅಚ್ಚು ಬಿಗಿದು, ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿದರು. ದಾರಿ ಬಲ್ಲವನೊಬ್ಬ ಮುಂದೆ, ಪಂಚರ್ ಸಾಮಾನು ಹೊತ್ತವನೊಬ್ಬ ಎಲ್ಲರಿಗಿಂತ ಹಿಂದೆ. ಜಾಡು ಕವಲೊಡೆದ ಕಡೆಯೆಲ್ಲ ನಿಂತು, ಹಿಂದಿನವನ ಮುಖ ಕಂಡ ಮೇಲೆಯೇ ಮುಂದೆ ಸಾಗಬೇಕು. ಈ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು.

ಇನ್ನು ಸೈಕಲ್ಲಿನ ವಿಷಯ. ನಮ್ಮೂರ ಪಂಚರ್ ಅಂಗಡಿಯಲ್ಲಿ ಗಾಳಿ ತುಂಬಿದರೆ ಟೈರು ಕಲ್ಲಿನಂತಿರಬೇಕು. ಇವರು ಬೇಕೆಂದೇ ಗಾಳಿಯ ಒತ್ತಡವನ್ನು 25 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತಾರೆ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲಿನ ಮೇಲೆ ತುಸು ಮೆತ್ತಗೆ ಒರಗಿ, ನೆಲವನ್ನು ಹೆಚ್ಚು ಹಿಡಿಯುತ್ತದೆ. ಹಲವರ ಟೈರಿನೊಳಗೆ ಟ್ಯೂಬೇ ಇಲ್ಲ, ಎಕ್ಕದ ಹಾಲಿನಂಥ ದ್ರವವಿದೆ. ಮುಳ್ಳು ಚುಚ್ಚಿದರೆ ಅದು ತೂತಿಗೆ ನುಗ್ಗಿ ಗಟ್ಟಿಯಾಗಿ ಕೂರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ತುಳಿದು ಬೆಳೆದ ನಮಗೆ ಇದಕ್ಕಿಂತ ದೊಡ್ಡ ವರವಿಲ್ಲ.

ಇಳಿಜಾರು ಬಂದಾಗ ಹುಡುಗ ಕೂಗಿದ: “ಸೀಟಿನ ಮ್ಯಾಲೆ ಕುಂದ್ರಬ್ಯಾಡ್ರಿ ದೊಡ್ಡಪ್ಪ, ಪೆಡಲ್ ಮ್ಯಾಲೆ ನಿಂದರ್ರಿ.” ಎರಡೂ ಪೆಡಲ್ ಸಮ, ಮೊಣಕೈ ಸಡಿಲ, ಮೈ ತುಸು ಹಿಂದಕ್ಕೆ, ಬ್ರೇಕಿನ ಮೇಲೆ ಒಂದೇ ಬೆರಳು. ಕಣ್ಣು ಮಾತ್ರ ದೂರದಲ್ಲಿರಬೇಕು. ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಕಲ್ಲಿಗೇ ಹೋಗುತ್ತದೆ, ಕಲ್ಲಿನ ಪಕ್ಕದ ದಾರಿಯನ್ನು ನೋಡಿದರೆ ದಾರಿಗೆ ಬರುತ್ತದೆ. ನಾನು ಎರಡು ಸಲ ಕಲ್ಲಿಗೆ ಹೋದೆ, ಮೂರನೆಯ ಸಲ ದಾರಿಗೆ ಬಂದೆ.

ಮೌಂಟೇನ್ ಬೈಕಿಂಗ್ ಎಂಬ ಈ ಆಟ ಹುಟ್ಟಿದ್ದು ಹಳೆಯ ಸೈಕಲ್ಲುಗಳಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು ಗುಡ್ಡದ ದಾರಿಯಲ್ಲಿ ಇಳಿಯತೊಡಗಿದರು. 1976ರಲ್ಲಿ ಪಂದ್ಯವೂ ಶುರುವಾಯಿತು. ಒಂದೇ ಇಳಿತಕ್ಕೆ ಹಿಂದಿನ ಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಕೆಳಗಿಳಿದ ಮೇಲೆ ಮತ್ತೆ ತುಂಬಬೇಕು. ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದೇ ಅದರಿಂದ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಆಟ ಸೇರಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಜಾಡಿನ ಪಾಠ. ಗುಡ್ಡದ ನೆತ್ತಿಯಿಂದ ನೇರ ಕೆಳಗಿಳಿಯುವ ದಾರಿ ಮಳೆಗಾಲದಲ್ಲಿ ಹಳ್ಳವಾಗುತ್ತದೆ. ನೀರು ಅದನ್ನೇ ಹಿಡಿದು ಮಣ್ಣು ಕೊಚ್ಚಿ ಕೊರಕಲು ಮಾಡುತ್ತದೆ. ಬಲ್ಲವರು ಜಾಡನ್ನು ಗುಡ್ಡದ ಮೈಗೆ ಅಡ್ಡಡ್ಡ ಎಳೆಯುತ್ತಾರೆ. ಜಾಡಿನ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ ನೂರು ಅಡಿಗೆ ಹತ್ತು ಅಡಿ ಇಳಿದರೆ ಸಾಕು. ಹೊರಅಂಚು ತುಸು ತಗ್ಗಿರಬೇಕು, ಆಗ ನೀರು ದಾಟಿ ಹೋಗುತ್ತದೆ, ಜಾಡು ಉಳಿಯುತ್ತದೆ. ಹೊಲಕ್ಕೆ ಬದು ಹಾಕುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೇಕನ್ನು ಗಪ್ಪನೆ ಹಿಡಿದು ಗಾಲಿ ಎಳೆದಾಡಿಸಿದರೂ ಅದೇ ಹಾನಿ. ಆ ಗೀರಿನಲ್ಲೇ ಮುಂದಿನ ಮಳೆಯ ನೀರು ಹರಿಯುತ್ತದೆ. ಕೆಸರಿದ್ದ ಒಂದು ಕಡೆ ಇಡೀ ತಂಡ ಸೈಕಲ್ಲಿಳಿದು ತಳ್ಳಿಕೊಂಡೇ ದಾಟಿತು. ಪಕ್ಕಕ್ಕೆ ತಿರುಗಿಸಿದರೆ ಜಾಡು ಅಗಲವಾಗುತ್ತದೆಯಂತೆ. ಕುರಿ ಅಡ್ಡ ಬಂದಾಗಲೂ ಇಳಿದರು.

ಇದು ಬೆಂಗಳೂರಿನವರ ಆಟವೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕಕ್ಕೆ ಸೈಕಲ್ ಪಟುಗಳನ್ನು ಕೊಟ್ಟದ್ದು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆಯ ಒಣನೆಲ. 2022ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದ ಬಳಿಯ ಬಿಂಕದಕಟ್ಟಿಯಲ್ಲಿ. ಅಂಥ ನೆಲ, ಅಂಥ ಬಿಸಿಲು, ಅಂಥ ಗಟ್ಟಿ ಕಾಲಿನ ಮಕ್ಕಳು ನಮ್ಮ ರಾಯದುರ್ಗ, ಮಡಕಶಿರಾಗಳಲ್ಲೂ ಇದ್ದಾರೆ. ಇಲ್ಲದಿರುವುದು ಕಲಿಸುವವರು.

ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಕತ್ತಲಿರುವಾಗ, ಒಬ್ಬಂಟಿಯಾಗಿ, ಕೇಳದೆ ಹೇಳದೆ ಹೋಗುವುದು ತಪ್ಪು. ಶಾಲೆಯ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಒಂದೇ ಒಂದು ಜಾಡಿಗೆ ಅನುಮತಿ ಕೇಳಿ, ಹತ್ತು ಮಕ್ಕಳನ್ನು ಅವರವರ ಸೈಕಲ್ಲಿನಲ್ಲೇ ಹಗಲು ಹೊತ್ತಿನಲ್ಲಿ ಕರೆದೊಯ್ಯಿರಿ. ಹೆಲ್ಮೆಟ್ ಮಾತ್ರ ಮರೆಯಬೇಡಿ.