ಶಿಶು, ಬಾಣಂತಿ ಮತ್ತು ದೇವಾಲಯದ ಹೊಸ್ತಿಲು: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಕ್ರೈಸ್ತ ಜೀವನದ ಒಂದು ಮುಖ

ಕ್ರೈಸ್ತ ಸಭೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗುರುಗಳ ಆಗಮನ, ದೇವಾಲಯಗಳ ನಿರ್ಮಾಣ, ವಿದ್ಯಾಶಾಲೆಗಳ ಸ್ಥಾಪನೆ ಮೊದಲಾದ ಸಂಗತಿಗಳನ್ನು ಕಾಲಾನುಕ್ರಮವಾಗಿ ನಿರೂಪಿಸುವುದುಂಟು. ಕೂಸು ಹುಟ್ಟಿದ ಮನೆಯಿಂದ ದೇವಾಲಯದವರೆಗಿನ ಹಾದಿಯಲ್ಲಿ ಯಾರು ನಡೆದರು, ಯಾರು ಮನೆಯಲ್ಲಿಯೇ ಉಳಿದರು ಎಂಬ ಪ್ರಶ್ನೆ ಅವರ ಗಮನಕ್ಕೆ ಬರುವುದು ವಿರಳ. ಆದರೆ ಮಕ್ಕಳಿಗೂ ಎಳೆಯ ಸಂಸಾರಗಳಿಗೂ ಸಭೆಯಲ್ಲಿ ಎಂತಹ ಸ್ಥಾನವಿತ್ತೆಂಬುದನ್ನು ಅರಿಯಲು ಈ ಪ್ರಶ್ನೆಗಿಂತ ಹತ್ತಿರದ ದಾರಿ ಬೇರೊಂದಿಲ್ಲವೆಂದು ನಮಗೆ ತೋರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳನ್ನು ಮನಸ್ಸಿನಲ್ಲಿರಿಸಿಕೊಂಡು, ಮುಖ್ಯವಾಗಿ ಕಥೋಲಿಕ ಸಂಪ್ರದಾಯವನ್ನು ಆಧರಿಸಿ, ಆ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮಪ್ರಚಾರವು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯಿಂದ ಮೊದಲಾಯಿತು. ಟಿಪ್ಪುವಿನ ಪತನಾನಂತರ ಇಲ್ಲಿ ನೆಲೆಸಿದ ಫ್ರೆಂಚ್ ಪಾದ್ರಿ ದ್ಯುಬುವಾ 1823ರವರೆಗೆ ಕೆಲಸ ಮಾಡಿದನು. ಅವನು ಬರೆದ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಸಿಡುಬಿನ ವಿರುದ್ಧ ಅವನು ನಡೆಸಿದ ಕಾರ್ಯವನ್ನು ಬಲ್ಲವರು ಕಡಿಮೆ. 1803-04ರ ಸುಮಾರಿಗೆ ಹದಿನೆಂಟು ತಿಂಗಳ ಅವಧಿಯಲ್ಲಿ 25,432 ಜನರಿಗೆ ದೇವಿ ಹಾಕಲಾಯಿತೆಂದು ದಾಖಲೆಯುಂಟು. ಸಿಡುಬಿಗೆ ಮೊದಲು ತುತ್ತಾಗುತ್ತಿದ್ದವರು ಮಕ್ಕಳು. ಶೈಶವವೆಂಬುದು ಅಷ್ಟು ಅಪಾಯದ ಕಾಲವಾಗಿದ್ದುದನ್ನು ಮರೆತರೆ, ಮುಂದೆ ಹೇಳಲಿರುವ ವಿಧಿಗಳ ಆತುರ ನಮಗೆ ಅರ್ಥವಾಗದು.

ದೀಕ್ಷಾಸ್ನಾನವನ್ನು ಪಡೆಯದೆ ಸತ್ತ ಕೂಸಿನ ಗತಿಯೇನು ಎಂಬ ಭೀತಿ ಅಂದಿನ ಕ್ರೈಸ್ತ ಕುಟುಂಬಗಳಲ್ಲಿ ಗಾಢವಾಗಿತ್ತು. ಆದ್ದರಿಂದ ಮಗುವಿಗೆ ಆದಷ್ಟು ಬೇಗ ದೀಕ್ಷಾಸ್ನಾನವಾಗಬೇಕೆಂದು 1917ರ ಧರ್ಮಸಭಾ ಸಂಹಿತೆಯು ವಿಧಿಸಿತ್ತು. ಪ್ರಾಣಾಪಾಯವಿದ್ದಾಗ ಯಾರಾದರೂ ನೀರೆರೆದು ಈ ಸಂಸ್ಕಾರವನ್ನು ಮಾಡಬಹುದಾಗಿತ್ತು. ಅದರ ಕ್ರಮವನ್ನು ಸೂಲಗಿತ್ತಿಯರು ಅರಿತಿರುವಂತೆ ಗುರುಗಳು ನೋಡಿಕೊಳ್ಳಬೇಕೆಂದು 1614ರ ರೋಮನ್ ವಿಧಿಗ್ರಂಥವೇ ಸೂಚಿಸಿತ್ತು. ಎಷ್ಟೋ ಕೂಸುಗಳನ್ನು ಸಭೆಗೆ ಬರಮಾಡಿಕೊಂಡವಳು ಹೀಗೆ ಸೂಲಗಿತ್ತಿಯೇ!

ಈ ಆತುರದ ಫಲವೆಂದರೆ ತಾಯಿಯ ಗೈರುಹಾಜರಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಮಗುವನ್ನು ದೇವಾಲಯಕ್ಕೆ ಒಯ್ಯಬೇಕಾದರೆ ಬಾಣಂತಿ ಜೊತೆಗೆ ಹೋಗುವುದೆಂತು? ನಮ್ಮ ಸೀಮೆಯಲ್ಲಂತೂ ಚೊಚ್ಚಲ ಹೆರಿಗೆ ತವರಿನಲ್ಲಿ. ಬಿಸಿನೀರು, ಸಾಂಬ್ರಾಣಿ ಹೊಗೆ, ಪಥ್ಯ, ಗಾಳಿ ಸೋಕದ ಕೋಣೆ, ಇವುಗಳ ನಡುವೆ ಅವಳು ತಿಂಗಳುಗಟ್ಟಲೆ ಇರತಕ್ಕವಳು. ಹಳೆಯ ವಿಧಿಯಲ್ಲಿ ಗುರುವು ಹೊಸ್ತಿಲಿನಲ್ಲಿ ನಿಂತು ಶಿಶುವನ್ನೇ ಹೆಸರು ಹಿಡಿದು ಪ್ರಶ್ನಿಸುತ್ತಿದ್ದನು. ಅದರ ಪರವಾಗಿ ಉತ್ತರ ಕೊಡುತ್ತಿದ್ದವರು ಜ್ಞಾನತಂದೆ, ಜ್ಞಾನತಾಯಿಯರು. ಹೆತ್ತವರಿಗೆ ಆ ವಿಧಿಯಲ್ಲಿ ಒಂದು ಮಾತೂ ಇರಲಿಲ್ಲ.

ತಾಯಿಗೆ ಬೇರೊಂದು ವಿಧಿಯಿತ್ತು. ಹೆರಿಗೆಯ ತರುವಾಯ ಮೊದಲ ಸಲ ದೇವಾಲಯಕ್ಕೆ ಬಂದವಳು ಉರಿಯುವ ಮೇಣದ ಬತ್ತಿಯನ್ನು ಹಿಡಿದು ಬಾಗಿಲಲ್ಲಿ ಮೊಣಕಾಲೂರಬೇಕು. ಗುರುವು ತನ್ನ ಕೊರಳ ಪಟ್ಟಿಯ ತುದಿಯನ್ನು ಅವಳ ಕೈಗಿತ್ತು ಒಳಕ್ಕೆ ಕರೆದೊಯ್ದು ಆಶೀರ್ವದಿಸಬೇಕು. ಇದು ಕೃತಜ್ಞತೆಯ ವಿಧಿಯೇ ಹೊರತು ಶುದ್ಧೀಕರಣವಲ್ಲವೆಂಬುದು ಸಭೆಯ ಅಧಿಕೃತ ಅಭಿಪ್ರಾಯ. ಆದರೆ ಇದರ ಮೂಲವನ್ನು ಹುಡುಕುತ್ತ ಹೋದರೆ, ಗಂಡುಮಗುವಿನ ತಾಯಿಗೆ ನಲವತ್ತು ದಿನ, ಹೆಣ್ಣುಮಗುವಿನ ತಾಯಿಗೆ ಎಂಬತ್ತು ದಿನ ಎಂದು ಅವಧಿ ಗೊತ್ತುಮಾಡಿದ ಯೆಹೂದ್ಯರ ಯಾಜಕಕಾಂಡಕ್ಕೆ ನಾವು ತಲುಪುತ್ತೇವೆ. ಸೂತಕವನ್ನು ಬಲ್ಲ ಹಳ್ಳಿಯ ಕಣ್ಣಿಗೆ ಬಾಗಿಲಲ್ಲಿ ಮೊಣಕಾಲೂರಿದ ಹೆಣ್ಣು ಏನಾಗಿ ಕಂಡಾಳು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಸ್ತ್ರೋಕ್ತ ವಿಧಿಯ ಸ್ಥಿತಿ ಇದು. ಆದರೆ ಜನರ ಭಕ್ತಿ ವಿಧಿಗ್ರಂಥವನ್ನೇ ನೋಡಿ ನಡೆಯುವುದಿಲ್ಲ. ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಪ್ರಸಿದ್ಧ ಪುಣ್ಯಕ್ಷೇತ್ರವಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ರೈತನೊಬ್ಬನು ಹೊಲ ಉಳುತ್ತಿರುವಾಗ ಮರದ ವಿಗ್ರಹವೊಂದು ದೊರಕಿತೆಂದೂ, ಅವನು ಅದನ್ನು ಗೊಂಬೆಯೆಂದು ಬಗೆದು ಮಕ್ಕಳಿಗೆ ಆಡಲು ಕೊಟ್ಟನೆಂದೂ, ಆ ರಾತ್ರಿ ಕನಸಿನಲ್ಲಿ ಸನ್ಯಾಸಿಯೊಬ್ಬರು ಕಾಣಿಸಿಕೊಂಡು ಗುಡಿ ಕಟ್ಟಲು ಅಪ್ಪಣೆ ಮಾಡಿದರೆಂದೂ, ಅದನ್ನು ಅಲಕ್ಷಿಸಿದ್ದರಿಂದ ಮನೆಗೆ ಕೇಡು ಬಂದು ಕಡೆಗೆ ಗುಡಿ ಕಟ್ಟಿದನೆಂದೂ ಐತಿಹ್ಯ. ಇಂತಹ ಕಥೆಯನ್ನು ಇತಿಹಾಸಕಾರನು ನಡೆದ ಸಂಗತಿಯೆಂದು ಸ್ವೀಕರಿಸಲಾರನು. ಜನರು ಯಾವುದನ್ನು ನೆನಪಿಡಲು ಯೋಗ್ಯವೆಂದು ಬಗೆದರೆಂಬುದಕ್ಕೆ ಸಾಕ್ಷಿಯಾಗಿ ಸ್ವೀಕರಿಸಬಹುದು. ಗುರುವಿನ ಕೈಗಲ್ಲ, ಮೊದಲು ಮಕ್ಕಳ ಕೈಗೆ ಈ ಸಂತನು ಬಂದನೆಂದು ಕಥೆ ಹೇಳುತ್ತದೆ. 1231ರ ಜೂನ್ 13ರಂದು ಪಾದುವಾ ನಗರದ ಬಳಿ ಕಾಲವಾದ ಈ ಸಂತನನ್ನು ಶಿಲ್ಪಿಗಳು ಬಾಲಯೇಸುವನ್ನು ಎತ್ತಿಕೊಂಡಿರುವಂತೆಯೇ ಚಿತ್ರಿಸುವರು. ಕೂಸನ್ನು ಎತ್ತಿಕೊಂಡ ಹೆಣ್ಣಿಗೆ ಕೂಸನ್ನು ಎತ್ತಿಕೊಂಡ ಸಂತನು ಹತ್ತಿರದವನಾಗಿ ಕಂಡರೆ ಆಶ್ಚರ್ಯವಿಲ್ಲ.

ಕ್ಷೇತ್ರಕ್ಕೆ ಕ್ರೈಸ್ತರಲ್ಲದವರೂ ಬರುತ್ತಾರೆ. ಹರಕೆ ಹೊತ್ತ ತಾಯಿ ಅಲ್ಲಿಗೆ ಬರುವುದು ತನ್ನ ಮೈ ಗಟ್ಟಿಯಾದ ಮೇಲೆ, ತನಗೆ ಬಿಡುವಾದ ದಿನ. ಮಗು ತನ್ನ ಕಂಕುಳಲ್ಲೇ ಇರುತ್ತದೆ. ದೀಕ್ಷಾಸ್ನಾನವಾಗಿದೆಯೆ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಹೀಗೆ ಧರ್ಮಕೇಂದ್ರದ ವಿಧಿಯಲ್ಲಿ ತಾಯಿಗೆ ದೊರೆಯದ ಸ್ಥಾನವನ್ನು ಕ್ಷೇತ್ರವು ಎಂದೋ ಕೊಟ್ಟಿತ್ತೆಂಬುದು ನಮ್ಮ ಅಭಿಪ್ರಾಯ. 2019ರಲ್ಲಿ ಈ ದೇವಾಲಯಕ್ಕೆ ಬಸಿಲಿಕಾ ಎಂಬ ಗೌರವ ದೊರೆಯಿತು.

ವಿಧಿಯು ಬದಲಾದುದು ನಿಧಾನವಾಗಿ. 1910ರಲ್ಲಿ ಪೋಪ್ ಹತ್ತನೆಯ ಪಿಯುಸರು ಪ್ರಥಮ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಅದಕ್ಕೆ ಮುಂಚೆ ಹತ್ತು ಹನ್ನೆರಡು ವರ್ಷ, ಕೆಲವೆಡೆ ಇನ್ನೂ ಹೆಚ್ಚು ಕಾಯಬೇಕಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಶಿಶುಗಳ ದೀಕ್ಷಾಸ್ನಾನವಿಧಿಯನ್ನು ಪರಿಷ್ಕರಿಸಲು ಆಜ್ಞಾಪಿಸಿತು, 1969ರಲ್ಲಿ ಹೊಸ ವಿಧಿ ಪ್ರಕಟವಾಯಿತು. ಅದರಲ್ಲಿ ಗುರುವಿನ ಮೊದಲ ಪ್ರಶ್ನೆಯೇ ಹೆತ್ತವರಿಗೆ: ಮಗುವಿಗೆ ಏನು ಹೆಸರಿಟ್ಟಿದ್ದೀರಿ? ತಾಯಿ ಹಾಜರಿರಲು ಸಾಧ್ಯವಾಗುವಂತೆ ಅವಳ ಆರೋಗ್ಯವನ್ನು ನೋಡಿ ದಿನವನ್ನು ಗೊತ್ತುಮಾಡಬೇಕೆಂದೂ ಅಲ್ಲಿ ಹೇಳಿದೆ. ತೊಟ್ಟಿಲ ಶಾಸ್ತ್ರ, ನಾಮಕರಣಗಳ ರೂಢಿಯುಳ್ಳ ಕನ್ನಡ ಕುಟುಂಬಕ್ಕೆ ಈ ಪ್ರಶ್ನೆ ಪರಿಚಿತವಾಗಿಯೇ ಕೇಳಿಸಿರಬೇಕು. ಪ್ರಾಟೆಸ್ಟೆಂಟರಲ್ಲಿಯೂ, 1947ರಲ್ಲಿ ಏರ್ಪಟ್ಟ ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮವು ಹೆತ್ತವರಿಂದಲೂ ನೆರೆದ ಸಭೆಯಿಂದಲೂ ವಚನವನ್ನು ಪಡೆಯುತ್ತದೆ. ದೀಕ್ಷಾಸ್ನಾನವಿಲ್ಲದೆ ಮಡಿದ ಶಿಶುಗಳ ವಿಷಯದಲ್ಲಿ ಆಶಾಭಾವಕ್ಕೆ ಆಧಾರವಿದೆಯೆಂದು ರೋಮಿನ ದೇವಶಾಸ್ತ್ರ ಆಯೋಗವು ಹೇಳಿದುದು 2007ರಲ್ಲಿ. ಅಷ್ಟು ದೀರ್ಘಕಾಲ ತಾಯಂದಿರು ಹೊತ್ತ ಭಯಕ್ಕೆ ಅದು ತಡವಾಗಿ ಬಂದ ಸಮಾಧಾನ.

ಹೊಸ ವಿಧಿಯು ಹೆತ್ತವರಿಗೆ ಸ್ಥಾನವನ್ನಿತ್ತಂತೆ ಹೊರೆಯನ್ನೂ ಇತ್ತಿತೆಂಬುದನ್ನು ಮರೆಯಬಾರದು. ಅವರು ಮುಂಚಿತವಾಗಿ ಉಪದೇಶ ಪಡೆದು ಸಿದ್ಧರಾಗಬೇಕು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೆಳೆಯುವ ಸಂಸಾರಕ್ಕೆ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಹಲವು ದಿನ ಹಗಲಿರುಳೂ ಕಾವಲು. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಹೆಗ್ಗಡದೇವನಕೋಟೆಯ ಕಡೆಯವರಿಗೆ ಭಾನುವಾರವೆಂಬುದೇ ಊರಿನಲ್ಲಿ ಸಿಗದು. ಪುಟ್ಟ ಕೂಸುಳ್ಳ ಇಂತಹ ದಂಪತಿಗಳಿಗೆ ತರಗತಿಯ ವೇಳೆಯನ್ನು ನಿಷ್ಠುರವಾಗಿ ಗೊತ್ತುಮಾಡಿದರೆ, ಹಿಂದೆ ಬಾಣಂತಿ ಹೊರಗುಳಿದಂತೆ ಈಗ ಇಡೀ ಸಂಸಾರವೇ ಹೊರಗುಳಿದೀತು. ಡೋರನಹಳ್ಳಿಯ ಬಾಗಿಲು ಈ ವಿಷಯದಲ್ಲಿ ಧರ್ಮಕೇಂದ್ರಗಳಿಗಿಂತ ಇಂದಿಗೂ ಅಗಲವಾಗಿದೆ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಕಥೋಲಿಕ ಧರ್ಮಕೇಂದ್ರಗಳ ದೀಕ್ಷಾಸ್ನಾನದ ವಹಿಗಳಲ್ಲಿ ಹೆತ್ತವರ ಹಾಗೂ ಜ್ಞಾನತಂದೆತಾಯಿಯರ ಹೆಸರುಗಳಲ್ಲದೆ, ಜನನದ ತಾರೀಖೂ ಸಂಸ್ಕಾರದ ತಾರೀಖೂ ದಾಖಲಾಗುತ್ತವೆ. ಗುರುಗಳ ಅನುಮತಿ ಪಡೆದು, 1969ರ ಹಿಂದಿನ ಹಾಗೂ ಮುಂದಿನ ಇಪ್ಪತ್ತು ಇಪ್ಪತ್ತು ವರ್ಷಗಳ ಪುಟಗಳಲ್ಲಿ ಈ ಎರಡು ತಾರೀಖುಗಳ ನಡುವಣ ಅಂತರವನ್ನು ಲೆಕ್ಕ ಹಾಕಬೇಕು. ಅಂತರವು ಮೂರು ನಾಲ್ಕು ದಿನಗಳಿದ್ದಲ್ಲಿ ಬಾಣಂತಿ ಮನೆಯಲ್ಲಿದ್ದಳೆಂದು ಬಹುಮಟ್ಟಿಗೆ ಊಹಿಸಬಹುದು. ಅದು ಎರಡು ಮೂರು ತಿಂಗಳಿಗೆ ಬೆಳೆದಲ್ಲಿ ಅವಳೂ ಬಂದಿದ್ದಿರಬಹುದು. ಸಂಸ್ಕಾರ ನಡೆದ ಊರು ತವರಿನದೋ ಗಂಡನ ಮನೆಯದೋ ಎಂಬುದನ್ನೂ ಜೊತೆಯಲ್ಲಿಯೇ ಗುರುತು ಹಾಕಿಕೊಳ್ಳಬೇಕು.