ಸಮಚ್ಛೇದವೂ ವಾಟ್ನಿಯೂ

ಎಂಟರಲ್ಲಿ ಮೂರು ಪಾಲು ಹೆಚ್ಚೋ, ಐದರಲ್ಲಿ ಎರಡು ಪಾಲು ಹೆಚ್ಚೋ? ಇದು ಶಾಲೆಯ ಹುಡುಗರ ಪ್ರಶ್ನೆಯೆಂದು ಬಗೆಯುವ ದೊಡ್ಡವರೇ ವಾಟ್ನಿಪತ್ರಕ್ಕೆ ರುಜು ಹಾಕುವಾಗ ಎಡವುತ್ತಿರುವದನ್ನು ನಾವು ಕಂಡಿದ್ದೇವೆ. ಮೂರು ಎರಡಕ್ಕಿಂತ ಹೆಚ್ಚು, ಎಂಟು ಐದಕ್ಕಿಂತ ಹೆಚ್ಚು; ಪಾಲು ಮಾತ್ರ ಕಡಿಮೆ.

ಇದನ್ನು ಒಕ್ಕಲಿಗನಿಗೆ ತಿಳಿಸಲು ಪುಸ್ತಕ ಬೇಕಿಲ್ಲ. ಎಕರೆಗೆ 40 ಗುಂಟೆ. ನಾಲ್ವತ್ತು ಎಂಟರಿಂದಲೂ ಐದರಿಂದಲೂ ಶೇಷವಿಲ್ಲದೆ ಭಾಗವಾಗುವದು. ಎಂಟರಲ್ಲಿ ಮೂರು ಪಾಲೆಂದರೆ 15 ಗುಂಟೆ, ಐದರಲ್ಲಿ ಎರಡು ಪಾಲೆಂದರೆ 16. ಛೇದವು ಒಂದೇ ಆದ ಬಳಿಕ ಅಂಶವನ್ನಷ್ಟೇ ನೋಡಿ ಹಿರಿದು ಕಿರಿದು ಹೇಳಬಹುದು. ಅಂತರವು ಒಂದೇ ಗುಂಟೆ, ಅಂದರೆ 1,089 ಚದರಡಿ. ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಯದ ಹೊಲದಲ್ಲಿ ಅದನ್ನು ಬದುವಿನ ಮಾತೆಂದು ಬಿಟ್ಟಾರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯ ಗದ್ದೆಯಲ್ಲಿ ಯಾರೂ ಬಿಡರು.

ಈ ಯುಕ್ತಿಯು ಪರದೇಶದಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂದು ಕರೆದು, ಅದನ್ನು ಪಡೆಯುವ ಬಗೆಯನ್ನು ವಿಧಿಸಿದ್ದಾನೆ. ಅದೇ ಅರಸನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ನಮ್ಮ ಕೊಪ್ಪಳವನ್ನು ಕೊಪಣನಗರವೆಂದು ಹೆಸರಿಸಿ ಕನ್ನಡದ ತಿರುಳಿನ ಸೀಮೆಯಲ್ಲಿ ಎಣಿಸಿದೆ. ಹೀಗಿದ್ದೂ ನಾವು ಭಿನ್ನರಾಶಿಗೆ ಬೆದರುವದು ಸೋಜಿಗವೇ ಸರಿ.

ನಮ್ಮ ಹಿರಿಯರಿಗಂತೂ ಇದು ದಿನದ ಪೇಚಾಗಿದ್ದಿತು. 1948ರ ಸಪ್ಟೆಂಬರದವರೆಗಿನ ನಿಜಾಮನ ಆಳಿಕೆಯಲ್ಲಿ ಇಲ್ಲಿ ಹಾಲಿ ಸಿಕ್ಕಾ, ಹೊಳೆಯಾಚೆಯ ಹೊಸಪೇಟೆಯಲ್ಲಿ ಕಲದಾರ. 7 ಹಾಲಿಗೆ 6 ಕಲದಾರ. ಒಂದು ಚೀಲ ಕಾಳಿಗೆ 8 ಹಾಲಿ ಕೊಡುವವನು ಮೇಲೋ, 7 ಕಲದಾರ ಕೊಡುವವನು ಮೇಲೋ? ಹಾಲಿ ರೂಪಾಯಿಯನ್ನು ಆರು ಪಾಲು ಮಾಡಿದರೆ ಮೊದಲನೆಯದು 48 ಪಾಲು, ಎರಡನೆಯದು 49. ಆ ಒಂದು ಪಾಲನ್ನು ಕಾಣದ ರೈತನು ಅದನ್ನು ಕಳೆದುಕೊಂಡೇ ಮನೆಗೆ ಮರಳಬೇಕಾಗಿದ್ದಿತು.

ಹಾಲಿ ಸಿಕ್ಕಾ ಹೋಯಿತು, ವಾಟ್ನಿ ಉಳಿಯಿತು. 2005ರ ತಿದ್ದುಪಡಿಯಿಂದ ಹಿಂದೂ ಮನೆತನಗಳ ಹೆಣ್ಣುಮಕ್ಕಳೂ ಪಿತ್ರಾರ್ಜಿತದಲ್ಲಿ ಸಮಪಾಲುದಾರರಾದದ್ದು ನ್ಯಾಯವೇ. ಆದರೆ ಛೇದಗಳು ಹೆಚ್ಚಿದವು. ಮೂವರಿದ್ದರೆ ಎಕರೆಯ ನಾಲ್ವತ್ತೂ ಕೈಕೊಡುವದು: ಗುಂಟೆಗೆ 16 ಆಣೆಯಂತೆ ತಲೆಗೆ 13 ಗುಂಟೆ 5 ಆಣೆ ಹಂಚಿದರೂ ಒಂದಾಣೆ ಉಳಿಯುವದು. ಅಲ್ಲಿಂದಲೇ ತಂಟೆ. ಪತ್ರದಲ್ಲಿ ಅರ್ಧ, ಮೂರನೆಯ ಒಂದು, ಆರನೆಯ ಒಂದು ಎಂದು ಬಿಡಿಬಿಡಿಯಾಗಿ ಬರೆಯದೆ, ಆರರಲ್ಲಿ 3, 2, 1 ಎಂದು ಬರೆದರೆ, ಕೂಡಿಸಿದ್ದು ಆರಾಗುವದೋ ಇಲ್ಲವೋ ಎಂಬುದನ್ನು ಅಕ್ಕ, ತಮ್ಮ, ಸಾಕ್ಷಿದಾರರೆಲ್ಲ ಬೆರಳ ಮೇಲೆಯೇ ನೋಡಿಕೊಂಡಾರು. ಕಂದಾಯ ಹಾಗೂ ನೋಂದಣಿ ಅಧಿಕಾರಿಗಳು ರುಜುವಿಗೆ ಮೊದಲು ಇಷ್ಟನ್ನು ಬರೆಯಿಸಿಕೊಳ್ಳಲಿಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ.